ರಂಗದಿಂದ ಬೈಠಕ್ಕಿಗೆ: ಸವಾಯಿ ಗಂಧರ್ವರು

ಕುಂದಗೋಳದ ರಾಮಚಂದ್ರ ಗಣೇಶ ಸೌಂಶಿಯವರನ್ನು ನಾಡು ಅರಿತಿರುವುದು ಸವಾಯಿ ಗಂಧರ್ವರೆಂಬ ಬಿರುದಿನಿಂದ. ಆ ಬಿರುದು ನಾಟಕರಂಗದ ಕೊಡುಗೆ. ಆದರೆ ಅವರ ಕೀರ್ತಿ ಇಂದಿಗೂ ನಿಂತಿರುವುದು ನಾಟಕದ ಮೇಲಲ್ಲ. ರಂಗವನ್ನು ತೊರೆದ ಮೇಲೆ ಅವರು ಮರಳಿ ಸೇರಿದ ಬೈಠಕ್ಕಿನ ಗಾಯನದ ಮೇಲೆ.

1886ರ ಜನವರಿ 19ರಂದು ಹುಟ್ಟಿದ ರಾಮಚಂದ್ರರದು ಬಾಲ್ಯದಲ್ಲಿ ಇಂಪಾದ ಕಂಠ. ಪ್ರಾಯ ಬಂದಾಗ ಅದು ಒಡೆದು ಗಡುಸಾಯಿತು. ಕಿರಾಣಾ ಘರಾಣೆಯ ಅಬ್ದುಲ್ ಕರೀಂಖಾನರು ಅವರನ್ನು ಶಿಷ್ಯರನ್ನಾಗಿ ಸ್ವೀಕರಿಸಿ, ಒಂದೊಂದು ಸ್ವರವನ್ನೂ ವರ್ಷಗಟ್ಟಲೆ ತಿದ್ದಿ, ಆ ಮೊಂಡು ಕಂಠವನ್ನು ಪಳಗಿಸಿದರು. ಹುಟ್ಟಿನಿಂದ ಬಂದದ್ದು ಕಳೆದುಹೋದ ಮೇಲೆ ಸಾಧನೆಯಿಂದ ಪಡೆದ ಕಂಠವದು.

ಆ ಕಂಠವನ್ನು ಅವರು ಮರಾಠಿ ಸಂಗೀತ ನಾಟಕಕ್ಕೆ ಒಪ್ಪಿಸಿದರು. ಗುರುಗಳಿಗೆ ಇದು ಸಮ್ಮತವಾಗಲಿಲ್ಲ. ಸ್ತ್ರೀಪಾತ್ರಗಳಲ್ಲಿ ಹೆಸರು ಗಳಿಸಿದ ರಾಮಚಂದ್ರರು ಕೆಲಕಾಲ ಸ್ವಂತ ಮಂಡಳಿಯನ್ನೂ ನಡೆಸಿದರು. ಇಲ್ಲಿ ಗುರುಗಳ ಅಸಮಾಧಾನ ನನಗೆ ಅರ್ಥವಾಗುತ್ತದೆ. ನಮ್ಮ ದೊಡ್ಡಉಳ್ಳಾರ್ತಿಯ ಕಡೆ ನಾಟಕ ನೋಡಿ ಬೆಳೆದವರು ಬಲ್ಲರು: ರಂಗದ ಹಾಡು ಕೊನೆಯ ಸಾಲಿನವನನ್ನೂ ಮುಟ್ಟಬೇಕು, ಪದದ ಭಾವ ಆ ಕ್ಷಣದಲ್ಲೇ ತಿಳಿಯಬೇಕು. ಕಿರಾಣಾ ಪದ್ಧತಿಯಾದರೋ ಒಂದು ಸ್ವರದ ಬಳಿ ನಿಂತು, ಅದನ್ನು ಪೂರ್ಣವಾಗಿ ಅರಳಿಸಿ, ಬಳಿಕ ಮುಂದಿನ ಸ್ವರಕ್ಕೆ ಏರುವಂಥದು. ಒಂದಕ್ಕೆ ಅವಸರ, ಇನ್ನೊಂದಕ್ಕೆ ಅವಕಾಶ.

1930ರ ದಶಕದ ಹೊತ್ತಿಗೆ ಅವರು ರಂಗದಿಂದ ದೂರ ಸರಿದರು. ನಾಟಕ ಮಂಡಳಿಯ ಪರಿವಾರ ಹೋಗಿ ತಂಬೂರಿ, ತಬಲಾ ಮೊದಲಾದ ಕೆಲವೇ ವಾದ್ಯಗಳ ಜೊತೆ ಉಳಿಯಿತು. ಅವರ ಧ್ವನಿ ಆರಂಭದಲ್ಲೇ ಹರಿಯುತ್ತಿರಲಿಲ್ಲ. ಹದಕ್ಕೆ ಬರಲು ಸಾಕಷ್ಟು ಹೊತ್ತು ಹಿಡಿಯುತ್ತಿತ್ತು. ಬೈಠಕ್ಕಿನ ರಸಿಕರು ಆ ಹೊತ್ತನ್ನು ಕೊಟ್ಟು ಕಾಯುತ್ತಿದ್ದರು. ಗ್ರಾಮಫೋನು ಕಾಯುವಂತಿರಲಿಲ್ಲ. ತಟ್ಟೆಯ ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ! ಅವರ ಭೈರವಿಯ ಮುದ್ರಿಕೆಯನ್ನು ಕೇಳಿದಾಗಲೆಲ್ಲ, ಬಾಗಿಲು ತೆರೆಯುತ್ತಿದ್ದಂತೆಯೇ ಯಾರೋ ಮುಚ್ಚಿದಂತೆ ನನಗೆ ಅನಿಸುತ್ತದೆ. ಆದರೂ ಆ ಕಿರಿದಾದ ಅವಧಿಯಲ್ಲಿ ಸ್ವರದ ನೆಲೆ ಅಲುಗುವುದಿಲ್ಲ.

ಮುದ್ರಿಕೆಯಲ್ಲಿ ಹಿಡಿಯದ್ದನ್ನು ಅವರು ಶಿಷ್ಯರಲ್ಲಿ ಇರಿಸಿದರು. ಗದಗಿನ ಭೀಮಸೇನ ಜೋಶಿ ಗುರುಗೃಹದಲ್ಲಿದ್ದು ನೀರು ಹೊತ್ತು ಕಲಿತರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಬಂದು ಪಾಠ ಹೇಳಿಸಿಕೊಂಡರು. ರಾಗಗಳ ಸಂಖ್ಯೆ ಹೆಚ್ಚಿಸುವ ಆತುರ ಗುರುಗಳಿಗಿರಲಿಲ್ಲ. ಒಂದೇ ಸ್ವರಪುಂಜವನ್ನು ದಿನಗಟ್ಟಲೆ ಹೇಳಿಸುತ್ತಿದ್ದರು. ಕರೀಂಖಾನರು ತಮ್ಮ ಮೇಲೆ ಪಟ್ಟ ಶ್ರಮವನ್ನೇ ಅವರು ಹೀಗೆ ಮುಂದಿನವರಿಗೆ ಸಲ್ಲಿಸಿದರು.

1940ರ ದಶಕದಲ್ಲಿ ಪಾರ್ಶ್ವವಾಯು ಬಡಿದು ಅವರ ಕಛೇರಿಗಳು ನಿಂತವು. ಮರಳಿ ಪಡೆದ ಬೈಠಕ್ಕು ಅವರಿಗೆ ದಕ್ಕಿದ್ದು ಹತ್ತು ಹನ್ನೆರಡು ವರ್ಷ ಮಾತ್ರ. 1952ರ ಸೆಪ್ಟೆಂಬರ್ 12ರಂದು ಅವರು ಪುಣೆಯಲ್ಲಿ ತೀರಿಕೊಂಡರು. ಮರುವರ್ಷ ಅಲ್ಲಿ ಅವರ ಹೆಸರಿನ ಸಂಗೀತೋತ್ಸವ ಆರಂಭವಾಯಿತು. ಭೀಮಸೇನರು ದಶಕಗಳ ಕಾಲ ಅದನ್ನು ನಡೆಸಿದರು. ಇತ್ತ ಕುಂದಗೋಳದ ನಾಡಿಗೇರ ವಾಡೆಯಲ್ಲಿಯೂ ಪುಣ್ಯತಿಥಿಯ ಸಂಗೀತ ನಡೆದು ಬಂದಿದೆ. ಅಲ್ಲಿ ಹಾಡುವವರಿಗೆ ಮೂರು ನಿಮಿಷದ ಕಟ್ಟಿಲ್ಲ.