ಸಂತ ಪೌಲರು: ಮೂರು ಲೋಕಗಳ ನಡುವೆ ಒಂದು ಬದುಕು

ಜೂನ್ 29ರಂದು ಸಂತ ಪೇತ್ರ ಮತ್ತು ಸಂತ ಪೌಲರ ಹಬ್ಬ. ಕಳೆದ ತಿಂಗಳು ನಮ್ಮ ಯುವಜನರ ಕೂಟದಲ್ಲಿ ತಮ್ಮನೊಬ್ಬ ಒಂದು ಪ್ರಶ್ನೆ ಕೇಳಿದ. ಶಾಲೆಯಲ್ಲಿ ತಮಿಳು, ಕೆಲಸದ ಜಾಗದಲ್ಲಿ ಇಂಗ್ಲಿಷ್, ಮನೆಯಲ್ಲಿ ಮಾತ್ರ ಕನ್ನಡ. ಹಾಗಾದರೆ ದೇವಾಲಯದಲ್ಲಿ ನಾವು ಯಾರ ಕಡೆಯವರು ಅಕ್ಕಾ ಎಂದ. ಆಗ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಪ್ರೇಷಿತರ ಕಾರ್ಯಕಲಾಪಗಳನ್ನೂ ಪೌಲರ ಪತ್ರಗಳನ್ನೂ ಮತ್ತೆ ಓದಿದೆ. ಅವರ ಬದುಕಿನಲ್ಲೇ ಆ ಪ್ರಶ್ನೆಗೆ ಉತ್ತರ ಇದೆ ಅನ್ನಿಸಿತು.

ಪೌಲರು ಹುಟ್ಟಿದ್ದು ಕಿಲಿಕ್ಯ ಪ್ರಾಂತ್ಯದ ತಾರ್ಸ ಪಟ್ಟಣದಲ್ಲಿ. ಇಂದು ಅದು ಟರ್ಕಿ ದೇಶದ ದಕ್ಷಿಣ ಭಾಗದಲ್ಲಿದೆ. ಊರು ಗ್ರೀಕ್ ವಿದ್ಯೆಗೆ ಹೆಸರಾಗಿತ್ತು, ಆಳುತ್ತಿದ್ದವರು ರೋಮನರು, ಅವರ ಮನೆ ಮಾತ್ರ ಬೆನ್ಯಮೀನ ಕುಲದ ಯೆಹೂದ್ಯರದು. ಮನೆಯವರಿಗೆ ರೋಮಿನ ಪೌರತ್ವ ಇದ್ದುದರಿಂದ ಅವರು ಹುಟ್ಟಿನಿಂದಲೇ ರೋಮನ್ ಪೌರರು. ಸೌಲ ಎಂಬ ಹೆಸರು ಮನಪರಿವರ್ತನೆಯಾದಾಗ ಪೌಲ ಎಂದಾಯಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಆದರೆ ದಮಸ್ಕದ ಘಟನೆಯ ಎಷ್ಟೋ ಕಾಲದ ಮೇಲೂ ಪ್ರೇಷಿತರ ಕಾರ್ಯಕಲಾಪಗಳು ಅವರನ್ನು ಸೌಲ ಎಂದೇ ಕರೆಯುತ್ತದೆ. ಸೌಲ ಎಂಬುದು ತಮ್ಮದೇ ಕುಲದ ಮೊದಲ ಅರಸನ ಹೀಬ್ರೂ ಹೆಸರು. ಪೌಲ ಎಂಬುದು ಲತೀನ್ ಹೆಸರು. ಜ್ಞಾನಸ್ನಾನದ ಹೆಸರು ಒಂದು, ಮನೆಯಲ್ಲಿ ಕರೆಯುವ ಹೆಸರು ಇನ್ನೊಂದು ಇರುವ ನಮಗೆ ಇದು ವಿಚಿತ್ರವಲ್ಲ.

ಜೆರುಸಲೇಮಿನಲ್ಲಿ ಗಮಲಿಯೇಲ ಎಂಬ ದೊಡ್ಡ ಗುರುವಿನ ಬಳಿ ಅವರು ಧರ್ಮಶಾಸ್ತ್ರ ಕಲಿತರು. ಫರಿಸಾಯರಾಗಿ ಬೆಳೆದು ಕ್ರಿಸ್ತನ ಶಿಷ್ಯರನ್ನು ಹಿಂಸಿಸಿದರು. ಸ್ತೇಫನರನ್ನು ಕಲ್ಲೆಸೆದು ಕೊಂದಾಗ ಅಲ್ಲೇ ನಿಂತಿದ್ದರು. ದಮಸ್ಕಕ್ಕೆ ಹೋಗುವ ದಾರಿಯಲ್ಲಿ ಪ್ರಭು ಅವರನ್ನು ತಡೆದ ಕಥೆ ನಮಗೆಲ್ಲ ಗೊತ್ತು. ಅದಾದ ಮೂರು ವರ್ಷಗಳ ಮೇಲೆ ಜೆರುಸಲೇಮಿಗೆ ಹೋಗಿ ಪೇತ್ರರ ಜೊತೆ ಹದಿನೈದು ದಿನ ಇದ್ದರು.

ಪೌಲರು ಹೊರಟ ಹೊತ್ತಿಗೆ ದಾರಿ ಅರ್ಧ ಸಿದ್ಧವಾಗಿತ್ತು. ರೋಮನರ ಕಲ್ಲುಹಾಸಿನ ಹೆದ್ದಾರಿಗಳು ಊರಿಂದೂರಿಗೆ ಇದ್ದವು. ಎಲ್ಲ ಕಡೆ ನಡೆಯುವ ಭಾಷೆ ಗ್ರೀಕ್ ಆಗಿತ್ತು. ದೊಡ್ಡ ಪಟ್ಟಣಗಳಲ್ಲಿ ವಲಸೆ ಹೋದ ಯೆಹೂದ್ಯರ ಪ್ರಾರ್ಥನಾಮಂದಿರಗಳಿದ್ದವು. ಅವರಲ್ಲಿ ಅನೇಕರಿಗೆ ಹೀಬ್ರೂ ಮರೆತುಹೋಗಿದ್ದರಿಂದ, ಕ್ರಿ.ಪೂ. 3ನೇ ಶತಮಾನದಲ್ಲೇ ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ ಪವಿತ್ರ ಗ್ರಂಥದ ಗ್ರೀಕ್ ಅನುವಾದ ಶುರುವಾಗಿತ್ತು. ಪೌಲರು ತಮ್ಮ ಪತ್ರಗಳಲ್ಲಿ ಹೆಚ್ಚಾಗಿ ಬಳಸಿದ್ದು ಆ ಅನುವಾದವನ್ನೇ. ದೇವರ ವಾಕ್ಯ ಜನರ ಭಾಷೆಗೆ ಬರುವುದು ಮೊನ್ನೆ ಮೊನ್ನೆ ಶುರುವಾದ ಪದ್ಧತಿಯಲ್ಲ.

ಸಿರಿಯದ ಅಂತಿಯೋಕ್ಯ ಆ ಕಾಲದ ಬಹುದೊಡ್ಡ ನಗರ. ಬಾರ್ನಬರು ತಾರ್ಸಕ್ಕೆ ಹೋಗಿ ಪೌಲರನ್ನು ಅಲ್ಲಿಗೆ ಕರೆತಂದರು. ಶಿಷ್ಯರಿಗೆ ಕ್ರೈಸ್ತರು ಎಂಬ ಹೆಸರು ಮೊದಲು ಬಿದ್ದದ್ದು ಆ ಊರಿನಲ್ಲೇ. ಆ ಮೂಲ ಪದವನ್ನು ಬಿಡಿಸಿ ನೋಡಿದರೆ ಮೆಸ್ಸೀಯ ಎಂಬ ಯೆಹೂದ್ಯ ನಂಬಿಕೆ, ಕ್ರಿಸ್ತ ಎಂಬ ಗ್ರೀಕ್ ಶಬ್ದ, ಕೊನೆಗೆ ಲತೀನ್ ಪ್ರತ್ಯಯ, ಮೂರೂ ಸಿಗುತ್ತವೆ.

ಜಗಳ ಹುಟ್ಟಿದ್ದೂ ಅಲ್ಲೇ. ಗ್ರೀಕರು ಕ್ರೈಸ್ತರಾಗಬೇಕಾದರೆ ಮೊದಲು ಸುನ್ನತಿ ಮಾಡಿಸಿಕೊಂಡು ಯೆಹೂದ್ಯರಾಗಬೇಕು ಎಂದು ಕೆಲವರು ಹಟ ಹಿಡಿದರು. ಕ್ರಿ.ಶ. 49ರ ಸುಮಾರಿಗೆ ಜೆರುಸಲೇಮಿನಲ್ಲಿ ಸಭೆ ಸೇರಿ, ಅದು ಬೇಕಿಲ್ಲ ಎಂದು ಪ್ರೇಷಿತರು ತೀರ್ಮಾನಿಸಿದರು. ಅಂತಿಯೋಕ್ಯದಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಪೇತ್ರರು ಗ್ರೀಕರ ಜೊತೆ ಊಟ ಮಾಡುತ್ತಿದ್ದವರು, ಜೆರುಸಲೇಮಿನಿಂದ ಕೆಲವರು ಬಂದ ಕೂಡಲೇ ಅಂಜಿ ಆ ಪಂಕ್ತಿಯಿಂದ ದೂರ ಸರಿದರು. ಬಾರ್ನಬರೂ ಸರಿದರು. ಪೌಲರು ಎಲ್ಲರ ಎದುರಿಗೇ ಪೇತ್ರರನ್ನು ಪ್ರಶ್ನಿಸಿದರು. ಒಂದೇ ಹಬ್ಬದಲ್ಲಿ ನಾವು ಜೊತೆಯಾಗಿ ನೆನೆಯುವ ಇಬ್ಬರು ಸಂತರ ನಡುವೆ ಇಂಥ ಮಾತೂ ಆಗಿತ್ತು. ಗ್ರೀಕನು ಗ್ರೀಕನಾಗಿಯೇ, ಯೆಹೂದ್ಯನು ಯೆಹೂದ್ಯನಾಗಿಯೇ ಒಂದೇ ಪಂಕ್ತಿಯಲ್ಲಿ ಕೂರಬೇಕು ಎಂಬುದು ಪೌಲರ ಹಟ.

ಮುಂದೆ ಅವರು ಯುರೋಪಿಗೆ ದಾಟಿದರು. ಫಿಲಿಪ್ಪಿಯಲ್ಲಿ ನದಿಯ ದಡದಲ್ಲಿ ಪ್ರಾರ್ಥನೆಗೆ ಸೇರಿದ್ದ ಹೆಂಗಸರ ಜೊತೆ ಮಾತಾಡಿದರು. ಊದಾ ಬಟ್ಟೆಯ ವ್ಯಾಪಾರಿ ಲಿದಿಯ ಮನೆಮಂದಿಯ ಸಮೇತ ಜ್ಞಾನಸ್ನಾನ ಪಡೆದರು. ಅಥೆನ್ಸಿನ ಪಂಡಿತರ ಮುಂದೆ ಗ್ರೀಕ್ ಕವಿಗಳ ಮಾತು ತೆಗೆದು ಬೋಧಿಸಿದರೂ ಹಲವರು ಹಾಸ್ಯ ಮಾಡಿದರು, ಕೆಲವರು ಮಾತ್ರ ನಂಬಿದರು. ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದು, ಗುಡಾರ ಮಾಡುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡು ಒಂದೂವರೆ ವರ್ಷ ಬೋಧಿಸಿದರು. ಅಲ್ಲಿ ಅವರನ್ನು ವಿಚಾರಣೆಗೆ ಎಳೆದದ್ದು ಗಲ್ಲಿಯೋ ಎಂಬ ರಾಜ್ಯಪಾಲನ ಮುಂದೆ. ಅವನ ಹೆಸರಿರುವ ಶಿಲಾಶಾಸನದ ತುಂಡುಗಳು ಗ್ರೀಸಿನ ದೆಲ್ಫಿಯಲ್ಲಿ ಸಿಕ್ಕಿವೆ. ಅವುಗಳ ಆಧಾರದಿಂದ ಅವನ ಅಧಿಕಾರದ ಕಾಲ ಸುಮಾರು ಕ್ರಿ.ಶ. 51-52 ಎಂದು ಲೆಕ್ಕ ಹಾಕಿದ್ದಾರೆ. ವಿಜ್ಞಾನ ಓದಿದ ನನಗೆ ಇಂಥ ಕಲ್ಲಿನ ಸಾಕ್ಷಿ ಕಂಡರೆ ಬಹಳ ಸಂತೋಷ.

ಇಷ್ಟರಲ್ಲಿ ಜೆರುಸಲೇಮಿನ ಕ್ರೈಸ್ತರು ಬಡತನದಲ್ಲಿದ್ದರು. ಪೌಲರು ಮಕೆದೋನಿಯದಿಂದಲೂ ಗ್ರೀಸಿನಿಂದಲೂ ಅವರಿಗಾಗಿ ವಂತಿಗೆ ಎತ್ತಿದರು. ವಾರದ ಮೊದಲ ದಿನ ಕೈಲಾದಷ್ಟು ತೆಗೆದಿಡಿ ಎಂದು ಕೊರಿಂಥದವರಿಗೆ ಬರೆದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದ ಎರಡು ಕಡೆಯವರನ್ನು ಈ ಕಾಣಿಕೆ ಒಂದಾಗಿಸುತ್ತದೆ ಎಂಬುದು ಅವರ ಆಸೆ. ಆದರೂ ಅಲ್ಲಿಯವರು ಅದನ್ನು ಸ್ವೀಕರಿಸುತ್ತಾರೋ ಇಲ್ಲವೋ ಎಂಬ ಅಳುಕು ಅವರಿಗಿತ್ತು. ರೋಮನರಿಗೆ ಬರೆದ ಪತ್ರದಲ್ಲಿ ಅದಕ್ಕಾಗಿ ಪ್ರಾರ್ಥನೆ ಕೇಳಿದ್ದಾರೆ. ಹೋದರೆ ಸೆರೆ ಕಾದಿದೆ ಎಂದು ದಾರಿಯುದ್ದಕ್ಕೂ ಜನ ಎಚ್ಚರಿಸಿದರೂ ಕ್ರಿ.ಶ. 57ರ ಸುಮಾರಿಗೆ ಅವರು ಹೊರಟೇಬಿಟ್ಟರು.

ಜೆರುಸಲೇಮಿನ ಮಹಾದೇವಾಲಯದ ಒಳಪ್ರಾಕಾರಕ್ಕೆ ಅನ್ಯಜನರು ಕಾಲಿಡುವಂತಿರಲಿಲ್ಲ. ದಾಟಿದರೆ ಮರಣ ಎಂದು ಗ್ರೀಕಿನಲ್ಲಿ ಕೆತ್ತಿದ ಕಲ್ಲೊಂದು 1871ರಲ್ಲಿ ಸಿಕ್ಕಿತು. ಈಗ ಇಸ್ತಾಂಬುಲಿನ ವಸ್ತುಸಂಗ್ರಹಾಲಯದಲ್ಲಿದೆ. ಪೌಲರು ಗ್ರೀಕನೊಬ್ಬನನ್ನು ಒಳಗೆ ಕರೆತಂದರು ಎಂಬ ಸುಳ್ಳು ಸುದ್ದಿ ಹಬ್ಬಿ, ಜನ ಅವರನ್ನು ಹೊಡೆದು ಕೊಲ್ಲಲು ಬಂದರು. ರೋಮನ್ ಸೈನಿಕರು ಓಡಿ ಬಂದು ಹಿಡಿದುಕೊಂಡರು.

ಆ ಒಂದೇ ದಿನ ಅವರ ಮೂರೂ ಲೋಕಗಳು ಎದುರಾದವು. ಸೇನಾಧಿಕಾರಿಯ ಜೊತೆ ಪೌಲರು ಗ್ರೀಕಿನಲ್ಲಿ ಮಾತಾಡಿದರು; ಅವನಿಗೆ ಆಶ್ಚರ್ಯವಾಯಿತು. ಮೆಟ್ಟಿಲ ಮೇಲೆ ನಿಂತು ಜನರಿಗೆ ಹೀಬ್ರೂ ನುಡಿಯಲ್ಲಿ, ಅವರ ತಾಯ್ನುಡಿಯಲ್ಲಿ ಹೇಳತೊಡಗಿದಾಗ ಗದ್ದಲ ನಿಂತು ಎಲ್ಲರೂ ಕೇಳಿದರು. ಆದರೆ ದೇವರು ತಮ್ಮನ್ನು ಅನ್ಯಜನರ ಬಳಿಗೆ ಕಳುಹಿಸಿದರು ಎಂದ ಕೂಡಲೇ ಮತ್ತೆ ಕೂಗಾಟ ಎದ್ದಿತು. ಚಾಟಿಯಿಂದ ಹೊಡೆಯಲು ಕಟ್ಟಿದಾಗ ತಾವು ರೋಮನ್ ಪೌರರೆಂದು ತಿಳಿಸಿದರು. ಸೈನಿಕರು ಹೆದರಿ ಹಿಂದೆ ಸರಿದರು.

ಆಮೇಲೆ ಕೈಸರೇಯದಲ್ಲಿ ಎರಡು ವರ್ಷ ಸೆರೆ. ಚಕ್ರವರ್ತಿಗೇ ಮೇಲ್ಮನವಿ ಮಾಡಿ ರೋಮಿಗೆ ಹೊರಟರು. 276 ಜನರಿದ್ದ ಹಡಗು ಮಾಲ್ಟಾ ದ್ವೀಪದ ಬಳಿ ಒಡೆದರೂ ಯಾರ ಜೀವವೂ ಹೋಗಲಿಲ್ಲ. ರೋಮಿನಲ್ಲಿ ಬಾಡಿಗೆ ಮನೆಯಲ್ಲಿ ಕಾವಲಿನಲ್ಲಿದ್ದು ಎರಡು ವರ್ಷ ಬೋಧಿಸಿದರು. ನೀರೋ ಚಕ್ರವರ್ತಿಯ ಕಾಲದಲ್ಲಿ ಅವರ ಶಿರಚ್ಛೇದವಾಯಿತು ಎಂಬುದು ಧರ್ಮಸಭೆಯ ಪರಂಪರೆ. ರೋಮಿನ ಸಂತ ಪೌಲರ ಮಹಾದೇವಾಲಯದಲ್ಲಿರುವ ಸಮಾಧಿಯೊಳಗಿನ ಎಲುಬಿನ ಚೂರುಗಳನ್ನು ಇಂಗಾಲ ಪರೀಕ್ಷೆಗೆ ಒಳಪಡಿಸಿದಾಗ, ಅವು 1ನೇ ಅಥವಾ 2ನೇ ಶತಮಾನದವು ಎಂದು ಕಂಡುಬಂದಿದ್ದನ್ನು 2009ರಲ್ಲಿ ಪೋಪ್ 16ನೇ ಬೆನೆಡಿಕ್ಟರು ತಿಳಿಸಿದರು.

ಪೌಲರು ತಮ್ಮ ಯಾವ ಭಾಷೆಯನ್ನೂ ನಾಚಿ ಬಿಡಲಿಲ್ಲ, ಯಾವುದನ್ನೂ ಇನ್ನೊಬ್ಬರ ಮೇಲೆ ಹೇರಲಿಲ್ಲ. ಹಾಗಾಗಿ ಆ ತಮ್ಮನಿಗೆ ನನ್ನ ಉತ್ತರ ಇದು: ಕನ್ನಡದ ವಾಚನ ಓದಲು ನೀನೇ ಮುಂದೆ ಬಾ, ತಮಿಳಿನವರೂ ತೆಲುಗಿನವರೂ ಹಾಡುವಾಗ ಅವರ ಜೊತೆ ದನಿ ಸೇರಿಸು. ಹಬ್ಬದ ಊಟಕ್ಕೆ ಪ್ರತಿವರ್ಷ ನಾವು ಭಾಷೆಗೊಂದು ಪಂಕ್ತಿ ಮಾಡಿಕೊಂಡು ಕೂರುತ್ತೇವೆ. ಈ ಸಲ ಬಡಿಸುವವರು ಯುವಜನರೇ. ದಯವಿಟ್ಟು ಎಲ್ಲರೂ ಕಲೆತು ಕುಳಿತುಕೊಳ್ಳಿ.

ಸಂತ ಪೌಲರೇ, ನಮಗಾಗಿ ಪ್ರಾರ್ಥಿಸಿರಿ.