ರಂಧ್ರದ ಕಾರ್ಡು ಕೊಟ್ಟ ನೇಕಾರ: ಜೋಸೆಫ್ ಮೇರಿ ಜಕಾರ್ಡ್

ಎಐ ಬಂದರೆ ನಮ್ಮ ಕೆಲಸದ ಗತಿ ಏನು? ಪ್ಲೇಸ್‌ಮೆಂಟ್ ಹತ್ತಿರ ಬಂದಂತೆ ನಾವೆಲ್ಲ ಕೇಳಿಕೊಳ್ತಿರೋ ಪ್ರಶ್ನೆ ಇದು. ಇನ್ನೂರು ವರ್ಷಗಳ ಹಿಂದೆ ಇಂಥದ್ದೇ ಪ್ರಶ್ನೆ ಫ್ರಾನ್ಸಿನ ಲಿಯಾನ್ ನಗರದ ರೇಷ್ಮೆ ನೇಕಾರರನ್ನು ಕಾಡಿತ್ತು. ಅದಕ್ಕೆ ಕಾರಣರಾದವರು ಅವರಲ್ಲೇ ಒಬ್ಬರು, ಜೋಸೆಫ್ ಮೇರಿ ಜಕಾರ್ಡ್.

ಜಕಾರ್ಡ್ ಹುಟ್ಟಿದ್ದು 1752ರಲ್ಲಿ, ಲಿಯಾನ್‌ನ ನೇಕಾರರ ಮನೆಯಲ್ಲಿ. ತಂದೆಯಿಂದ ಬಂದ ಆಸ್ತಿ ಸಾಲಕ್ಕೆ ಕರಗಿತು. 1793ರಲ್ಲಿ ಕ್ರಾಂತಿ ಸರ್ಕಾರದ ಸೇನೆ ಲಿಯಾನ್‌ಗೆ ಮುತ್ತಿಗೆ ಹಾಕಿದಾಗ ಮಗನ ಜೊತೆ ಊರಿನ ಪರ ಹೋರಾಡಿದರು. ಮುಂದೆ ಆ ಮಗ ಯುದ್ಧದಲ್ಲೇ ತೀರಿಕೊಂಡ.

ಆಗ ಹೂಬಳ್ಳಿಯ ವಿನ್ಯಾಸ ನೇಯಬೇಕಂದ್ರೆ ಒಬ್ಬರಿಂದ ಆಗ್ತಿರಲಿಲ್ಲ. ನೇಕಾರ ಲಾಳಿ ಓಡಿಸಿದರೆ, ಪ್ರತಿ ಸಲವೂ ಮೇಲೇಳಬೇಕಾದ ಹಾಸಿನ ಎಳೆಗಳ ಹಗ್ಗ ಎಳೆಯೋಕೆ ಇನ್ನೊಬ್ಬರು ಬೇಕು. ಬಹಳ ಸಲ ಆ ಕೆಲಸ ಮಕ್ಕಳದು. ಬೂಷೋನ್, ಫಾಲ್ಕನ್, ವೋಕಾನ್ಸನ್ ಮೊದಲೇ ಇದಕ್ಕೆ ಯಂತ್ರ ಹುಡುಕಿದ್ದರು. ಅವರ ವಿಚಾರಗಳನ್ನು ಜೋಡಿಸಿ, 1804ರ ಹೊತ್ತಿಗೆ ಮಗ್ಗದಲ್ಲಿ ನಿಜವಾಗಿ ಓಡುವಂತೆ ಮಾಡಿದವರು ಜಕಾರ್ಡ್. ಕಾರ್ಡಿನಲ್ಲಿ ರಂಧ್ರ ಇದ್ದರೆ ಸೂಜಿ ತೂರಿ ಎಳೆ ಮೇಲೇಳುತ್ತೆ, ಇಲ್ಲದಿದ್ದರೆ ಕೆಳಗೇ ಉಳಿಯುತ್ತೆ. ನಮ್ಮ ಭಾಷೆಯಲ್ಲಿ ಒಂದು, ಸೊನ್ನೆ!

ಸರ್ಕಾರ ಯಂತ್ರವನ್ನು ಸಾರ್ವಜನಿಕ ಸ್ವತ್ತು ಮಾಡಿ ಜಕಾರ್ಡ್‌ಗೆ ವರ್ಷಕ್ಕೆ 3,000 ಫ್ರಾಂಕ್ ಪಿಂಚಣಿ ಕೊಟ್ಟಿತು. ಊರಿನ ನೇಕಾರರು ಮಾತ್ರ ಸಿಟ್ಟಾದರು. ಹಗ್ಗ ಎಳೆಯುವವರ ಕೆಲಸ ಹೋಗುತ್ತೆ ಅನ್ನೋ ಭಯ ಸುಳ್ಳೇನಲ್ಲ, ಆ ಕೆಲಸ ಹೋಗೇ ಹೋಯ್ತು. ಆದರೂ 1812ರ ವೇಳೆಗೆ ಫ್ರಾನ್ಸಿನಲ್ಲಿ ಸುಮಾರು 11,000 ಜಕಾರ್ಡ್ ಮಗ್ಗಗಳಿದ್ದವು.

ನೇಕಾರಿಕೆ ಉಳಿಯಿತು, ಆದರೆ ನೇಯ್ಗೆಯ ದರ ವ್ಯಾಪಾರಿಗಳ ಕೈಯಲ್ಲಿತ್ತು. 1831ರಲ್ಲಿ ಲಿಯಾನ್ ನೇಕಾರರು ದಂಗೆ ಎದ್ದಾಗ ಅವರು ಕೇಳಿದ್ದು ಯಂತ್ರ ನಿಲ್ಲಿಸಿ ಅಂತಲ್ಲ, ಕನಿಷ್ಠ ದರ ನಿಗದಿ ಮಾಡಿ ಅಂತ. 1834ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಎದ್ದರು, ಸೈನ್ಯ ಅವರನ್ನು ಹತ್ತಿಕ್ಕಿತು. ಅದೇ ಆಗಸ್ಟ್‌ನಲ್ಲಿ ಜಕಾರ್ಡ್ ತೀರಿಕೊಂಡರು.

ಅವರ ಕಾರ್ಡು ಬ್ಯಾಬೇಜ್‌ರ ಯಂತ್ರದ ಯೋಜನೆಗೆ ಬಂತು. 1890ರ ಅಮೆರಿಕದ ಜನಗಣತಿಯಲ್ಲಿ ಹೊಲೆರಿತ್ ರಂಧ್ರದ ಕಾರ್ಡುಗಳಲ್ಲೇ ಲೆಕ್ಕ ಹಾಕಿದರು. ಜಕಾರ್ಡ್ ಹೆಸರು ನಮ್ಮ ಕರ್ನಾಟಕದ ಮಗ್ಗಗಳಲ್ಲೂ ಇವತ್ತಿಗೂ ಕೇಳಿಸುತ್ತೆ.

ನಾಳೆ ಆಟೊಮೇಷನ್ ಕೋಡ್ ಬರೆಯೋರು ನಾವೇ. ಎಷ್ಟು ಸಮಯ ಉಳಿಯಿತು ಅನ್ನೋದರ ಜೊತೆಗೆ, ಉಳಿದ ಲಾಭ ಯಾರಿಗೆ ಹೋಯ್ತು, ಹಗ್ಗ ಎಳೆಯುತ್ತಿದ್ದವರು ಎಲ್ಲಿಗೆ ಹೋದರು ಅಂತಲೂ ನಾವು ಕೇಳಬೇಕು.