ಮಗು ತಾನೇ ಓದಲಿ: ಪಂಜೆ ಮಂಗೇಶರಾಯರ ಬದುಕಿನಿಂದ ಒಂದು ಪಾಠ

ಕಲ್ಲೂರಿನಲ್ಲಿ ಅಭ್ಯಾಸ ಬೋಧನೆಯ ಮೊದಲ ವಾರ, ನನ್ನ ಮೂರನೇ ತರಗತಿಯ ಮಕ್ಕಳು ಚೆನ್ನಾಗಿ ಓದುತ್ತಾರೆ ಎಂದೇ ತಿಳಿದಿದ್ದೆ. ನಾನು ಒಂದು ಸಾಲು ಓದಿದರೆ ಎಲ್ಲರೂ ಗಟ್ಟಿಯಾಗಿ ಅದನ್ನೇ ಹೇಳುತ್ತಿದ್ದರು. ಒಂದು ದಿನ ಒಬ್ಬ ಹುಡುಗಿಯ ಪಕ್ಕದಲ್ಲಿ ಕುಳಿತು ನೋಡಿದೆ. ಬಾಯಿ ಮೂರನೇ ಸಾಲು ಹೇಳುತ್ತಿತ್ತು, ಬೆರಳು ಮೊದಲನೇ ಸಾಲಿನ ಮೇಲೇ ಇತ್ತು. ಅವಳು ಓದುತ್ತಿರಲಿಲ್ಲ, ನನ್ನಿಂದ ಕೇಳಿದ್ದನ್ನು ಒಪ್ಪಿಸುತ್ತಿದ್ದಳು. ತಪ್ಪು ನನ್ನದೇ. ಪುಸ್ತಕಕ್ಕೂ ಮಗುವಿಗೂ ನಡುವೆ ನಾನೇ ನಿಂತಿದ್ದೆ. ಆಗ ನನಗೆ ನೆನಪಾದವರು ಪಂಜೆ ಮಂಗೇಶರಾಯರು.

ಪಂಜೆಯವರು ಹುಟ್ಟಿದ್ದು 1874ರಲ್ಲಿ, ದಕ್ಷಿಣ ಕನ್ನಡದ ಬಂಟವಾಳದಲ್ಲಿ. ಮನೆಮಾತು ಕೊಂಕಣಿ, ಸುತ್ತಲಿನ ಮಾತು ತುಳು. ತಂದೆ ಬೇಗ ತೀರಿಕೊಂಡದ್ದರಿಂದ ಕಷ್ಟಪಟ್ಟು ಓದಿ ಪದವಿ ಪಡೆದರು. ಮಂಗಳೂರಿನಲ್ಲಿ ಕನ್ನಡ ಕಲಿಸಿದರು, ಶಾಲಾ ತನಿಖಾಧಿಕಾರಿಯಾದರು, ಶಿಕ್ಷಕರ ತರಬೇತಿ ಶಾಲೆಯಲ್ಲಿ ದುಡಿದರು, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಕೊಡಗಿನ ಆ ವಾಸದ ನೆನಪಾಗಿ ಹುತ್ತರಿ ಹಾಡು ಉಳಿದಿದೆ.

ತನಿಖಾಧಿಕಾರಿ ಬಂದರೆ ಶಾಲೆ ನಡುಗುತ್ತಿದ್ದ ಕಾಲ ಅದು. ಇವರು ಮಾತ್ರ ಮಕ್ಕಳಿಗೆ ಕಥೆ ಹೇಳುವವರೆಂದೇ ಹೆಸರಾದರು. ಮಕ್ಕಳ ಕೈಗೆ ಕೊಡಲು ಕನ್ನಡದಲ್ಲಿ ಪುಸ್ತಕಗಳೇ ಕಡಿಮೆ ಇದ್ದವು. ಗೆಳೆಯರೊಡನೆ ಬಾಲಸಾಹಿತ್ಯ ಮಂಡಲ ಕಟ್ಟಿದರು, ಪಠ್ಯಪುಸ್ತಕ ರಚಿಸಿದರು, ಕವಿಶಿಷ್ಯ ಎಂಬ ಹೆಸರಿನಲ್ಲಿ ಪದ್ಯ ಬರೆದರು. ಅವರ ಬರಹದಲ್ಲಿ ವಾಕ್ಯ ಚಿಕ್ಕದು, ಶಬ್ದ ಮತ್ತೆ ಮತ್ತೆ ಬರುತ್ತದೆ. ಮುಂದಿನ ಮಾತು ಏನೆಂದು ಮಗು ಊಹಿಸಬಹುದು, ಊಹಿಸಿದ್ದು ಸರಿಯೇ ಎಂದು ಅಕ್ಷರ ನೋಡಿ ತಿಳಿಯಬಹುದು. ಸ್ವತಂತ್ರ ಓದು ಶುರುವಾಗುವುದು ಅಲ್ಲಿಂದಲೇ.

1934ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಮ್ಮ ರಾಯಚೂರಿನಲ್ಲಿ ನಡೆದಾಗ ಅಧ್ಯಕ್ಷರು ಪಂಜೆಯವರೇ. ಆಗ ರಾಯಚೂರು ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು, ಆಡಳಿತದ ಭಾಷೆ ಉರ್ದು. ಅಂಥ ಕಡೆ ಮಕ್ಕಳಿಗಾಗಿ ಬರೆದ ಒಬ್ಬ ಶಿಕ್ಷಕನಿಗೆ ಆ ಪೀಠ ಸಿಕ್ಕಿತು. 1937ರಲ್ಲಿ ಅವರು ತೀರಿಕೊಂಡರು.

ಎರಡನೇ ವಾರ ನಾನು ಪಾಠ ಯೋಜನೆ ಬದಲಿಸಿದೆ. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಕಥೆಯಲ್ಲಿ ಪ್ರಶ್ನೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುತ್ತಾ ಹೋಗುತ್ತದೆ. ಸಿಗಡಿ ಎಂದರೇನೆಂದು ನಮ್ಮ ಮಕ್ಕಳಿಗೆ ಚಿತ್ರ ಬರೆದು ತೋರಿಸಬೇಕಾಯಿತು. ಅರ್ಧ ಕಥೆ ಹೇಳಿ ನಿಲ್ಲಿಸಿದೆ. ಉಳಿದ ಅರ್ಧವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಗೋಡೆಗೆ ಹಗ್ಗ ಕಟ್ಟಿ ತೂಗುಹಾಕಿದೆ. ದಿನವೂ ಊಟದ ನಂತರ ಹತ್ತು ನಿಮಿಷ ಅವರದೇ ಓದು. ನಾನೂ ನನ್ನ ಪುಸ್ತಕ ಹಿಡಿದು ಸುಮ್ಮನೆ ಕುಳಿತೆ. ತಡವರಿಸಿದವರಿಗೆ ಕೂಡಲೇ ಹೇಳಿಕೊಡಲಿಲ್ಲ; ಪಕ್ಕದವರನ್ನು ಕೇಳಲು, ಇಲ್ಲವೇ ಆ ಶಬ್ದ ಹಿಂದೆ ಎಲ್ಲಿ ಬಂದಿತ್ತೆಂದು ಹುಡುಕಲು ಬಿಟ್ಟೆ.

ಸುಮ್ಮನಿರುವುದೇ ನನಗೆ ಕಷ್ಟವಾಯಿತು. ಎಲ್ಲ ಮಕ್ಕಳೂ ಓದಲು ಕಲಿತರು ಎಂದು ಹೇಳಲಾರೆ. ಕೆಲವರು ಈಗಲೂ ನನ್ನ ಬಾಯಿ ನೋಡುತ್ತಾರೆ. ಆದರೆ ಆ ಹುಡುಗಿ ಕಥೆಯ ಕೊನೆ ತಿಳಿಯಲು ತಾನೇ ಎದ್ದು ಹಾಳೆಯ ಹತ್ತಿರ ಹೋದಳು. ನಿಧಾನವಾಗಿ, ತಡೆದು ತಡೆದು ಓದಿದಳು. ಬೆರಳೂ ಬಾಯಿಯೂ ಒಂದೇ ಶಬ್ದದ ಮೇಲಿದ್ದವು.